ಹೊತ್ತು ಗೊತ್ತಿಲ್ಲದ ತಮಾಷೆ: ‘ಫಸೀಷಸ್’ ಪದವನ್ನು ಬಳಸುವುದು ಹೇಗೆ

ಮಂಡ್ಯದಲ್ಲಿ ನಮ್ಮ ಮನೆಯ ಮುಂದಿನ ರೂಮಿನಲ್ಲಿ ನಾನು ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರಲ್ಲಿ ಜಾಸ್ತಿ ಜನ ಡಿಗ್ರಿ ಮುಗಿಸಿ ಮೈಸೂರಿಗೆ ಕೆಲಸಕ್ಕೆ ಓಡಾಡುವ ಹುಡುಗ ಹುಡುಗಿಯರು. ಬೆಳಗ್ಗೆ ರೈಲು ಹತ್ತಿ ಹೋಗಿ, ಸಂಜೆ ರೈಲಿನಲ್ಲೇ ವಾಪಸ್ ಬಂದು, ಮುಖ ತೊಳೆದು ನೇರ ನಮ್ಮ ಮನೆಗೆ ಬಂದು ಕೂರುತ್ತಾರೆ. ಅವರಿಗೆ ವ್ಯಾಕರಣದ ಸೂತ್ರಕ್ಕಿಂತ ಆಫೀಸಿನಲ್ಲಿ ಕಿವಿಗೆ ಬಿದ್ದ ಪದಗಳ ಮೇಲೆ ಪ್ರಶ್ನೆ ಜಾಸ್ತಿ.

ಒಂದು ದಿನ ಒಬ್ಬ ಹುಡುಗ ಫೋನ್ ಹಿಡಿದುಕೊಂಡು ಬಂದ. ಮುಖ ಸಪ್ಪಗಿತ್ತು. ‘ಮೇಡಂ, ಇದರಲ್ಲಿ ನಾನೇನು ತಪ್ಪು ಬರೆದಿದ್ದೀನಿ ಸ್ವಲ್ಪ ನೋಡಿ’ ಅಂದ. ಅವನ ಕಂಪನಿಯಿಂದ ಹೊರದೇಶದ ಒಬ್ಬ ಕ್ಲೈಂಟಿಗೆ ಒಂದು ರಿಪೋರ್ಟ್ ಹೋಗಬೇಕಿತ್ತು. ಮೂರು ಸಲ ತಡವಾಗಿತ್ತು. ಆ ಕ್ಲೈಂಟ್ ಸಿಟ್ಟು ತೋರಿಸದೆ, ನಿಮ್ಮ ರಿಪೋರ್ಟಿಗೆ ಕಾದು ಕಾದು ನನ್ನ ಮೂರು ಕಪ್ ಕಾಫಿ ಆರಿಹೋಯಿತು ಅಂತ ನಯವಾಗಿ ಬರೆದಿದ್ದರು. ನಮ್ಮ ಹುಡುಗನಿಗೆ ಅದು ಇಷ್ಟವಾಯಿತು. ಇಷ್ಟು ತಡವಾದರೂ ನಗುನಗುತ್ತಾ ಬರೆದಿದ್ದಾರಲ್ಲ, ಅದಕ್ಕೆ ಥ್ಯಾಂಕ್ಸ್ ಹೇಳೋಣ ಅಂತ ಫೋನಿನ ನಿಘಂಟಿನಲ್ಲಿ ‘ಹಾಸ್ಯಮಯ’ ಅನ್ನುವುದಕ್ಕೆ ಒಂದು ದೊಡ್ಡ ಪದ ಹುಡುಕಿ, ‘ಥ್ಯಾಂಕ್ ಯು ಫಾರ್ ಯುವರ್ ಫಸೀಷಸ್ ಮೇಲ್’ ಅಂತ ಉತ್ತರ ಕಳಿಸಿದ್ದ.

ಅವನು ಹೇಳಬೇಕು ಅಂದುಕೊಂಡಿದ್ದು, ‘ನಿಮ್ಮ ತಿಳಿಹಾಸ್ಯದ ಪತ್ರಕ್ಕೆ ಧನ್ಯವಾದ’ ಅಂತ. ಆ ಕಡೆಯವರಿಗೆ ತಲುಪಿದ್ದು, ‘ಗಂಭೀರವಾದ ವಿಷಯದಲ್ಲಿ ಹುಡುಗಾಟ ಆಡಿದ್ದೀರಿ, ಅದಕ್ಕೆ ಧನ್ಯವಾದ’ ಅಂತ. ತಡ ಮಾಡಿದವನೇ ಕಾದವರಿಗೆ ಹೀಗೆ ಅಂದರೆ ಹೇಗಿರುತ್ತದೆ? ಮ್ಯಾನೇಜರ್ ಕರೆದು ಕೇಳಿದ್ದಾರೆ. ಹುಡುಗನಿಗೆ ರಾತ್ರಿ ನಿದ್ದೆ ಬಂದಿಲ್ಲ. ಅವನ ಉದ್ದೇಶದಲ್ಲಿ ಒಂದು ಚೂರೂ ಕೆಟ್ಟದ್ದಿರಲಿಲ್ಲ, ಪದದ ಅರ್ಥ ಅರ್ಧ ಮಾತ್ರ ಗೊತ್ತಿತ್ತು ಅಷ್ಟೆ. ಆ ಉಳಿದ ಅರ್ಧವನ್ನು ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ, ಯಾಕೆಂದರೆ ಈ ಪದಕ್ಕೆ ಕನ್ನಡದಲ್ಲಿ ‘ಹಾಸ್ಯದ’, ‘ವಿನೋದದ’ ಅಂತ ಒಂದೇ ಮಾತಿನಲ್ಲಿ ಅರ್ಥ ಕೊಟ್ಟು ಬಿಟ್ಟುಬಿಟ್ಟರೆ ಯಾರು ಬೇಕಾದರೂ ಇದೇ ಗುಂಡಿಗೆ ಬೀಳುತ್ತಾರೆ.

ಮೊದಲು ಅರ್ಥ ಹಿಡಿಯೋಣ. ಫಸೀಷಸ್ ಅಂದರೆ ನಗಿಸುವಂಥದ್ದು ಅಂತ ಅಷ್ಟೇ ತಿಳಿದರೆ ಸಾಲದು. ಗಂಭೀರವಾಗಿ ಮಾತಾಡಬೇಕಾದ ಜಾಗದಲ್ಲಿ, ಗಂಭೀರವಾದ ವಿಷಯದ ಮೇಲೆ, ತಮಾಷೆಗೆ ಇಳಿಯುವ ಮಾತಿಗೆ ಅಥವಾ ಮನುಷ್ಯನಿಗೆ ಈ ಗುಣವಾಚಕ. ನಮ್ಮ ಕಡೆ ಹಿರಿಯರು ಗದರುವಾಗ ‘ತಮಾಷೆಗೂ ಒಂದು ಹೊತ್ತು ಗೊತ್ತು ಇಲ್ವಾ?’ ಅಂತಾರಲ್ಲ, ಆ ಗದರಿಕೆ ಯಾವ ಮಾತಿನ ಮೇಲೆ ಬೀಳುತ್ತದೋ ಆ ಮಾತು ಫಸೀಷಸ್. ನನಗೆ ಇದಕ್ಕಿಂತ ಒಳ್ಳೆಯ ವಿವರಣೆ ಇಷ್ಟು ವರ್ಷದಲ್ಲಿ ಸಿಕ್ಕಿಲ್ಲ. ‘ಹೊತ್ತು ಗೊತ್ತಿಲ್ಲದ ತಮಾಷೆ’ ಅಂತ ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳಿ.

ನಮ್ಮ ಮನೆಯಲ್ಲೇ ನಡೆದದ್ದು ಹೇಳುತ್ತೇನೆ. 2023ರಲ್ಲಿ ಮಳೆ ಕೈಕೊಟ್ಟಿತು. ಕನ್ನಂಬಾಡಿ ಕಟ್ಟೆ ತುಂಬಲೇ ಇಲ್ಲ. ನಮ್ಮ ಕಡೆಯವರು ಕೃಷ್ಣರಾಜಸಾಗರಕ್ಕೆ ಈಗಲೂ ಕನ್ನಂಬಾಡಿ ಅಂತಲೇ ಅನ್ನುವುದು. ಕಟ್ಟೆ ತುಂಬಿದರೆ 124.80 ಅಡಿ, ಇದು ಮಂಡ್ಯದಲ್ಲಿ ಸ್ಕೂಲ್ ಮಕ್ಕಳಿಗೂ ಬಾಯಿಪಾಠ. ಬೆಳಗ್ಗೆ ಪೇಪರ್ ಬಂದರೆ ದೊಡ್ಡಪ್ಪ ಮೊದಲು ನೋಡುತ್ತಿದ್ದದ್ದು ಇವತ್ತು ಎಷ್ಟು ಅಡಿ ಅನ್ನುವ ಆ ಒಂದು ಸಾಲು. ವಿ.ಸಿ. ನಾಲೆಯಲ್ಲಿ ನೀರು ಸಾಲದೆ ನಮ್ಮ ಕಬ್ಬು ಅಂಚಿನಿಂದ ಒಣಗುತ್ತಾ ಬಂದಿತ್ತು, ಗರಿ ಮುಟ್ಟಿದರೆ ಕಾಗದದ ಹಾಗೆ ಸದ್ದಾಗುತ್ತಿತ್ತು. ಒಂದು ಸಂಜೆ ದೊಡ್ಡಪ್ಪ ಜಗಲಿ ಮೇಲೆ ಕೂತು ಒಂದು ಗರಿಯನ್ನು ಕೈಯಲ್ಲಿ ಹಿಸುಕುತ್ತಾ ಇದ್ದರು. ನನ್ನ ತಮ್ಮ ಒಳಗಿಂದ ಬಂದವನು ಸುಮ್ನೆ ಇರದೆ, ‘ಬುಡು ದೊಡ್ಡಪ್ಪ, ಒಣುಗ್ದ್ರೆ ಹಂಡೆ ಒಲೆಗೆ ಸೌದೆ ಆಯ್ತದೆ’ ಅಂದ.

ದೊಡ್ಡಪ್ಪ ತಲೆ ಎತ್ತಿ ನೋಡಿದರು. ‘ಹೊತ್ತು ಗೊತ್ತು ಬ್ಯಾಡ್ವೇನ್ಲಾ ನಿನ್ ತಮಾಸೆಗೆ?’ ಅಂದರು. ಅಷ್ಟೆ. ತಮ್ಮ ಒಳಗೆ ಹೋದ.

ಅವನ ಮಾತಿನಲ್ಲಿ ಬೈಗುಳ ಇರಲಿಲ್ಲ. ದೊಡ್ಡಪ್ಪನನ್ನು ಚುಚ್ಚಬೇಕು ಅಂತಲೂ ಇರಲಿಲ್ಲ. ಬೇರೆ ದಿನ ಆಗಿದ್ದರೆ ಎಲ್ಲರೂ ನಗುತ್ತಿದ್ದರೋ ಏನೋ. ಆದರೆ ಒಂದು ವರ್ಷದ ಬೆಳೆ ಕಣ್ಣೆದುರು ಹೋಗುತ್ತಿರುವಾಗ ಅದು ನಗುವ ವಿಷಯ ಅಲ್ಲ. ಇಂಗ್ಲಿಷಿನಲ್ಲಿ ಇದನ್ನು ಹೇಳಬೇಕಾದರೆ ‘ಹೀ ಮೇಡ್ ಎ ಫಸೀಷಸ್ ರಿಮಾರ್ಕ್’ ಅನ್ನಬೇಕು. ಇಲ್ಲಿ ‘ಹ್ಯೂಮರಸ್ ರಿಮಾರ್ಕ್’ ಅಂದರೆ ಅರ್ಥವೇ ಕೆಟ್ಟುಹೋಗುತ್ತದೆ, ಅವನು ಒಳ್ಳೆಯ ಜೋಕ್ ಹೇಳಿದ ಅಂದಂತಾಗುತ್ತದೆ.

ಹಾಗಾಗಿ ಈ ಪದ ಬಳಸುವ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ಮಾತು ತಮಾಷೆಯದ್ದಾಗಿರಬೇಕು, ಕೊನೆಗೆ ತಮಾಷೆ ಮಾಡುವ ಪ್ರಯತ್ನವಾದರೂ ಇರಬೇಕು. ಮತ್ತೆ, ಆ ಹೊತ್ತಿಗೆ ವಿಷಯ ಗಂಭೀರವಾಗಿರಬೇಕು, ಅಥವಾ ಎದುರಿಗಿರುವವರು ಅದನ್ನು ಗಂಭೀರವಾಗಿ ತೆಗೆದುಕೊಂಡಿರಬೇಕು. ಎರಡೂ ಇದ್ದರೆ ಫಸೀಷಸ್. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಭಾವನೋರನ್ನು ರೇಗಿಸಿದರೆ ಅದು ಫಸೀಷಸ್ ಆಗುವುದಿಲ್ಲ, ಅಲ್ಲಿ ರೇಗಿಸುವುದೇ ಪದ್ಧತಿ. ಅದೇ ಮದುವೆ ಮಾತುಕತೆಯಲ್ಲಿ ಎರಡೂ ಕಡೆಯವರು ಖರ್ಚಿನ ಲೆಕ್ಕ ಹಾಕುತ್ತಾ ಬಿಸಿಯಾಗಿರುವಾಗ ಯಾರೋ ಒಬ್ಬರು ‘ದೇವಸ್ಥಾನದಲ್ಲಿ ಕಟ್ಟಿಸಿಬಿಡಿ, ಪ್ರಸಾದವೇ ಊಟ’ ಅಂದರೆ ಅದು ಪಕ್ಕಾ ಫಸೀಷಸ್.

ಈಗ ಉಚ್ಚಾರಣೆ. ಇದನ್ನು ಕಣ್ಣಿನಲ್ಲಿ ನೋಡಿ ಕಲಿತವರು ಸುಮಾರು ಜನ ‘ಫೇಸ್‌ಷಸ್’ ಅಥವಾ ‘ಫೆಸಿಟಿಯಸ್’ ಅನ್ನುತ್ತಾರೆ. ಸರಿಯಾದದ್ದು ಫ-ಸೀ-ಷಸ್. ಮೂರು ತುಂಡು, ಒತ್ತು ನಡುವಿನ ‘ಸೀ’ ಮೇಲೆ. ಮೊದಲ ‘ಫ’ ತೀರಾ ಚಿಕ್ಕದು, ಕೇಳಿಸಿತೋ ಇಲ್ಲವೋ ಅನ್ನುವಷ್ಟು. ಅದನ್ನು ಹೇಳುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ನಾವು ‘ಫಲ’ ಅನ್ನುವಾಗ ಎರಡೂ ತುಟಿ ಸೇರಿಸುತ್ತೇವೆ, ಇಲ್ಲಿ ಹಾಗೆ ಬೇಡ. ಕೊನೆಯಲ್ಲಿರುವ ಟಿ ಅಕ್ಷರ ‘ಟ’ ಅಂತ ಕೇಳಿಸುವುದೇ ಇಲ್ಲ. ಕಾಷಸ್, ಆಂಬಿಷಸ್, ನ್ಯೂಟ್ರಿಷಸ್ ಇವೆಲ್ಲದರಲ್ಲೂ ಟಿಐಒಯುಎಸ್ ಅಂತ ಬರೆದು ‘ಷಸ್’ ಅಂತ ಓದುತ್ತೀರಲ್ಲ, ಇದೂ ಹಾಗೆಯೇ.

ಸ್ಪೆಲಿಂಗ್ ನೆನಪಿಡುವುದಕ್ಕೆ ಒಂದು ಚೆಂದದ ದಾರಿ ಇದೆ, ನನ್ನ ಹುಡುಗರಿಗೆ ಇದನ್ನು ಹೇಳಿದಾಗಲೆಲ್ಲ ಅವರ ಮುಖ ಅರಳುತ್ತದೆ. ಇಂಗ್ಲಿಷಿನ ಐದು ಸ್ವರಗಳು ಎ, ಇ, ಐ, ಒ, ಯು. ಈ ಪದ ಬರೆದು ನೋಡಿ: ಎಫ್, ಎ, ಸಿ, ಇ, ಟಿ, ಐ, ಒ, ಯು, ಎಸ್. ಒಂಬತ್ತೇ ಅಕ್ಷರ, ಅದರಲ್ಲಿ ಐದು ಸ್ವರಗಳೂ ಒಂದೊಂದೇ ಸಲ, ಸಾಲಿನಲ್ಲಿ ನಿಂತ ಹಾಗೆ ಅದೇ ಕ್ರಮದಲ್ಲಿ ಬರುತ್ತವೆ. ಇಂಥ ಪದಗಳು ಇಂಗ್ಲಿಷಿನಲ್ಲಿ ತೀರಾ ಕಡಿಮೆ. ಇದಕ್ಕೆ ಎಲ್‌ವೈ ಸೇರಿಸಿ ‘ಫಸೀಷಸ್ಲಿ’ ಮಾಡಿದರೆ, ಸ್ವರದ ಹಾಗೆ ಕೆಲಸ ಮಾಡುವ ವೈ ಕೂಡ ಕೊನೆಗೆ ಬಂದು ನಿಲ್ಲುತ್ತದೆ. ಪರೀಕ್ಷೆಯಲ್ಲಿ ಸ್ಪೆಲಿಂಗ್ ಅನುಮಾನ ಬಂದರೆ ಸ್ವರಗಳನ್ನು ಬೆರಳಲ್ಲಿ ಎಣಿಸಿ, ತಪ್ಪುವುದಿಲ್ಲ.

ಇದರ ಹುಟ್ಟೂ ತಿಳಿದಿರಲಿ, ಯಾಕೆಂದರೆ ಅರ್ಥ ಎಲ್ಲಿ ತಿರುಗಿತು ಅಂತ ಅದರಿಂದ ಗೊತ್ತಾಗುತ್ತದೆ. ಲ್ಯಾಟಿನ್‌ನಲ್ಲಿ ‘ಫಕೇಟುಸ್’ ಅಂದರೆ ನಯವಾದ, ಚೊಕ್ಕವಾದ, ಜಾಣ್ಮೆಯ ಮಾತಿನ ಅಂತ. ಅದರಿಂದ ನಗೆಮಾತು ಅನ್ನುವ ಅರ್ಥದ ಪದ ಬಂತು. ಅಲ್ಲಿಂದ ಫ್ರೆಂಚಿಗೆ ಹೋಗಿ, 16ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂತು. ಆಗ ಅದು ಹೊಗಳಿಕೆಯ ಪದವೇ. ಜಾಣತನದಿಂದ ನಗಿಸುವವನು ಅಂತ. ಆಮೇಲೆ ಬರುಬರುತ್ತಾ, ಎಲ್ಲದಕ್ಕೂ ನಗೆಮಾತು ಹೊಂದಿಸುವವನು, ಗಂಭೀರ ಮಾತಿಗೂ ಅದೇ ರಾಗ ಹಾಡುವವನು ಅನ್ನುವ ಕಡೆಗೆ ಜಾರಿತು. ಕನ್ನಡದಲ್ಲೂ ಇಂಥದ್ದು ನಡೆಯುತ್ತದೆ ಅಲ್ವಾ? ‘ಪುಣ್ಯಾತ್ಮ’ ಅನ್ನುವುದು ಎಂಥ ದೊಡ್ಡ ಪದ. ಆದರೆ ಮೂರು ಗಂಟೆ ತಡವಾಗಿ ಮನೆಗೆ ಬಂದ ಮಗನಿಗೆ ಅಮ್ಮ ‘ಎಲ್ಲಿಗೆ ಹೋಗಿದ್ದೆ ಪುಣ್ಯಾತ್ಮ?’ ಅಂದರೆ ಅಲ್ಲಿ ಹೊಗಳಿಕೆ ಎಲ್ಲಿದೆ?

ಹಳೆಯ ಇಂಗ್ಲಿಷ್ ಪುಸ್ತಕ ಓದುವಾಗ ಮಾತ್ರ ಈ ಹಳೆಯ ಅರ್ಥ ಸಿಗಬಹುದು, ಅಲ್ಲಿ ಒಬ್ಬರನ್ನು ಫಸೀಷಸ್ ಅಂದಿದ್ದರೆ ಮೆಚ್ಚುಗೆಯೂ ಇರಬಹುದು. ಇವತ್ತಿನ ಮಾತಿನಲ್ಲಿ, ಇವತ್ತಿನ ಪತ್ರದಲ್ಲಿ ಅದನ್ನು ನಂಬಬೇಡಿ. ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. ವಜ್ರದ ಪಟ್ಟಿಗೆ, ಒಂದು ವಿಷಯದ ಮುಖಕ್ಕೆ ‘ಫ್ಯಾಸೆಟ್’ ಅಂತಾರೆ. ಬರೆದರೆ ಎರಡೂ ಒಂದೇ ಥರ ಶುರುವಾಗುತ್ತವೆ, ಆದರೆ ಅದು ಮುಖ ಅನ್ನುವ ಅರ್ಥದ ‘ಫೇಸ್’ ಇಂದ ಬಂದದ್ದು. ಇದಕ್ಕೂ ಅದಕ್ಕೂ ನೆಂಟಸ್ತಿಕೆ ಇಲ್ಲ. ‘ಫಿಕ್ಟಿಷಸ್’ ಅಂದರೆ ಕಟ್ಟುಕಥೆಯ, ಕಲ್ಪಿತ ಅಂತ, ಅದೂ ಬೇರೆ.

ಇನ್ನು ವಾಕ್ಯದಲ್ಲಿ ಹೇಗೆ ಕೂರಿಸುವುದು. ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

‘ಹೀ ಈಸ್ ಫಸೀಷಸ್’ ಅಂದರೆ ಅವನ ಸ್ವಭಾವವೇ ಅಂಥದ್ದು, ಯಾವ ಮಾತನ್ನೂ ನೆಟ್ಟಗೆ ತೆಗೆದುಕೊಳ್ಳುವುದಿಲ್ಲ, ಅಂತ ಅರ್ಥ. ‘ಹೀ ಈಸ್ ಬೀಯಿಂಗ್ ಫಸೀಷಸ್’ ಅಂದರೆ ಈಗ, ಈ ಒಂದು ಮಾತಿನಲ್ಲಿ, ತಮಾಷೆಗೆ ಹಾಗೆ ಅಂದ ಅಂತ. ಒಂದು ‘ಬೀಯಿಂಗ್’ ಸೇರಿದ್ದಕ್ಕೆ ಇಡೀ ಅರ್ಥ ಬದಲಾಗುತ್ತದೆ. ಮೊದಲನೆಯದು ಮನುಷ್ಯನ ಮೇಲೆ ಹೊರಿಸುವ ದೂರು, ಎರಡನೆಯದು ಒಂದು ಗಳಿಗೆಯ ನಡವಳಿಕೆ. ನಮ್ಮವರಿಗೆ ಸ್ಕೂಲಿನಲ್ಲಿ ‘ಐ ಆಮ್ ನೋಯಿಂಗ್’ ಅನ್ನಬಾರದು, ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಅನ್ನಬಾರದು ಅಂತ ಹೇಳಿ ಹೇಳಿ, ಎಲ್ಲಿ ‘ಇಂಗ್’ ಬಂದರೂ ಹೆದರುವ ಹಾಗೆ ಆಗಿದೆ. ಇಲ್ಲಿ ಹೆದರಬೇಡಿ. ನಡವಳಿಕೆಯನ್ನು ಹೇಳುವ ಗುಣವಾಚಕಗಳ ಜೊತೆ ‘ಬೀಯಿಂಗ್’ ಸರಿಯಾಗಿಯೇ ಕೂರುತ್ತದೆ. ಯೂ ಆರ್ ಬೀಯಿಂಗ್ ರೂಡ್, ಷೀ ಈಸ್ ಬೀಯಿಂಗ್ ಕೈಂಡ್ ಅನ್ನುವ ಹಾಗೆ. ಈ ಪದವನ್ನು ಮಾತಿನಲ್ಲಿ ಕೇಳುವುದೂ ಹೆಚ್ಚಾಗಿ ಇದೇ ರೂಪದಲ್ಲಿ.

ಅದರಲ್ಲೂ ನಿಮಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ವಾಕ್ಯ ಇದು: ‘ಸಾರಿ, ಐ ವಾಸ್ ಬೀಯಿಂಗ್ ಫಸೀಷಸ್.’ ಕ್ಷಮಿಸಿ, ತಮಾಷೆಗೆ ಹಾಗಂದೆ, ನಿಜ ಅಂದುಕೊಳ್ಳಬೇಡಿ. ನೀವು ಹೇಳಿದ ಮಾತನ್ನು ಎದುರಿಗಿರುವವರು ನಿಜ ಅಂತ ತಿಳಿದು ಮುಖ ಗಂಟಿಕ್ಕಿದರೆ ತಕ್ಷಣ ಇದನ್ನು ಹೇಳಿ. ಆಫೀಸಿನಲ್ಲಿ ಯಾರಾದರೂ ನಿಮಗೆ ಹೀಗೆ ಹೇಳಿದರೆ ಅವರು ತಮ್ಮ ತಮಾಷೆಯನ್ನು ವಾಪಸ್ ತೆಗೆದುಕೊಳ್ಳುತ್ತಿದ್ದಾರೆ ಅಂತ ಅರ್ಥ. ನಕ್ಕು ಸುಮ್ಮನಾದರೆ ಸಾಕು, ಉತ್ತರ ಹುಡುಕಬೇಕಾಗಿಲ್ಲ.

ಇದೇ ಪದವನ್ನು ಬೇರೆಯವರ ಕಡೆಗೆ ತಿರುಗಿಸಿ ‘ಡೋಂಟ್ ಬಿ ಫಸೀಷಸ್’ ಅಂದರೆ ಅದು ಗದರಿಕೆ. ದೊಡ್ಡಪ್ಪ ನನ್ನ ತಮ್ಮನಿಗೆ ಅಂದದ್ದು ಅದನ್ನೇ. ಅಪ್ಪ ಅಮ್ಮ ಮಕ್ಕಳಿಗೆ ಅನ್ನಬಹುದು, ಮೇಷ್ಟ್ರು ಹುಡುಗರಿಗೆ ಅನ್ನಬಹುದು, ತೀರಾ ಹತ್ತಿರದ ಸ್ನೇಹಿತರು ಒಬ್ಬರಿಗೊಬ್ಬರು ಅನ್ನಬಹುದು. ನಿಮಗಿಂತ ಹಿರಿಯರಿಗೆ, ಮ್ಯಾನೇಜರಿಗೆ, ಕ್ಲೈಂಟಿಗೆ ಖಂಡಿತ ಬೇಡ. ಕನ್ನಡದಲ್ಲಿ ನಿಮ್ಮ ಮ್ಯಾನೇಜರಿಗೆ ‘ಹುಡುಗಾಟ ಆಡಬೇಡಿ’ ಅಂತೀರಾ? ಅನ್ನೋದಿಲ್ಲ ಅಲ್ವಾ, ಇಂಗ್ಲಿಷಿನಲ್ಲೂ ಅಷ್ಟೇ ಭಾರ ಇದೆ.

ಇನ್ನೊಂದು ಪ್ರಯೋಗ ತುಂಬಾ ಮರ್ಯಾದೆಯದ್ದು. ‘ಐ ಡೋಂಟ್ ಮೀನ್ ಟು ಬಿ ಫಸೀಷಸ್, ಬಟ್...’ ಅಂತ ಶುರು ಮಾಡುವುದು. ನಾನು ತಮಾಷೆಗೆ ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ ಅಂತ. ಕೆಲವು ಪ್ರಶ್ನೆಗಳು ಕೇಳಿದರೆ ಕುಚೋದ್ಯದ ಹಾಗೆ ಕಾಣುತ್ತವೆ, ಆದರೆ ಕೇಳಲೇಬೇಕಾಗಿರುತ್ತದೆ. ಎಲ್ಲ ಫೈಲಿಗೂ ಒಬ್ಬರೇ ಸಹಿ ಹಾಕಬೇಕು ಅಂತ ಮೀಟಿಂಗಿನಲ್ಲಿ ತೀರ್ಮಾನ ಆಯಿತು ಅಂದುಕೊಳ್ಳಿ. ಅವರು ರಜೆ ಹಾಕಿದ ದಿನ ಅವರ ರಜೆಯ ಅರ್ಜಿಗೆ ಯಾರು ಸಹಿ ಹಾಕುತ್ತಾರೆ? ಇದು ನಗು ಬರಿಸುವ ಪ್ರಶ್ನೆಯೇ, ಆದರೂ ನ್ಯಾಯವಾದ ಪ್ರಶ್ನೆ. ಮುಂದೆ ಈ ಮಾತು ಸೇರಿಸಿ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ನಾಮಪದಕ್ಕೆ ಮೊದಲು ಹಾಕುವಾಗ ಆ ನಾಮಪದ ಮಾತಿಗೆ ಸಂಬಂಧಪಟ್ಟದ್ದಾಗಿದ್ದರೆ ಚೆನ್ನ. ಫಸೀಷಸ್ ರಿಮಾರ್ಕ್, ಫಸೀಷಸ್ ಕಾಮೆಂಟ್, ಫಸೀಷಸ್ ಕ್ವೆಶ್ಚನ್, ಫಸೀಷಸ್ ಟೋನ್, ಫಸೀಷಸ್ ಸಜೆಶನ್. ‘ಫಸೀಷಸ್ ಮೂವಿ’, ‘ಫಸೀಷಸ್ ಪ್ರೋಗ್ರಾಂ’ ಅಂತ ಬರೆದು ತಂದವರಿದ್ದಾರೆ. ನಗಿಸುವ ಸಿನಿಮಾ ಅನ್ನಬೇಕಿದ್ದರೆ ‘ಫನ್ನಿ ಮೂವಿ’ ಸಾಕು. ಯಾವ ವಿಷಯದ ಬಗ್ಗೆ ಅಂತ ಹೇಳಬೇಕಾದರೆ ‘ಅಬೌಟ್’ ಬರುತ್ತದೆ: ‘ಹೀ ವಾಸ್ ಫಸೀಷಸ್ ಅಬೌಟ್ ದ ಡ್ರಾಟ್’, ಬರಗಾಲದ ವಿಷಯದಲ್ಲಿ ಹುಡುಗಾಟದ ಮಾತಾಡಿದ. ‘ಆನ್’ ಬೇಡ, ‘ಆಫ್’ ಬೇಡ.

ಅಕ್ಕಪಕ್ಕದ ಪದಗಳ ಜೊತೆ ಇಟ್ಟು ನೋಡಿದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ನನ್ನ ಹುಡುಗರಿಗೆ ನಾನು ಅವರ ದಿನದ ರೈಲನ್ನೇ ಉದಾಹರಣೆ ಕೊಡುತ್ತೇನೆ. ಮಂಡ್ಯದಿಂದ ಮೈಸೂರಿಗೆ ಹೊರಟ ರೈಲು ಪಾಂಡವಪುರದ ಹತ್ತಿರ ನಿಂತುಬಿಟ್ಟಿದೆ. ಅರ್ಧ ಗಂಟೆ ಆಯಿತು, ಹೊರಡುವ ಲಕ್ಷಣ ಇಲ್ಲ. ಕಿಟಕಿ ಪಕ್ಕ ಒಬ್ಬಳು ಹುಡುಗಿ ಫೈಲನ್ನು ಎದೆಗೆ ಒತ್ತಿಕೊಂಡು ಕೂತಿದ್ದಾಳೆ. ಹತ್ತು ಗಂಟೆಗೆ ಮೈಸೂರಿನಲ್ಲಿ ಇಂಟರ್‌ವ್ಯೂ. ಸುತ್ತ ನಾಲ್ಕು ಜನ ಮಾತಾಡುತ್ತಾರೆ.

ಅವಳ ಗೆಳತಿ ಕೈ ಹಿಡಿದು, ‘ನೀನು ಓದದೆ ಬಿಟ್ಟಿದ್ದ ಆ ಕೊನೇ ಪಾಠ ಇದೆಯಲ್ಲ, ಪಾಪ ರೈಲು ಅದಕ್ಕೇ ಕಾಯ್ತಿದೆ, ಬೇಗ ಓದು’ ಅನ್ನುತ್ತಾಳೆ. ಹುಡುಗಿ ಆತಂಕದಲ್ಲೂ ನಕ್ಕುಬಿಡುತ್ತಾಳೆ. ಇದು ಹ್ಯೂಮರಸ್. ತಮಾಷೆ ಅವಳ ಪರವಾಗಿ ನಿಂತಿದೆ, ಅವಳ ಭಾರ ಇಳಿಸಿದೆ. ಮಾತು ಚುರುಕಾಗಿ, ಜಾಣತನದಿಂದ ಬಂದಿದ್ದರೆ ವಿಟ್ಟಿ ಅಂತಲೂ ಅನ್ನಬಹುದು.

ಎದುರು ಸೀಟಿನವರು, ‘ಅಯ್ಯೋ ಬಿಡಮ್ಮ, ಇಂಟರ್‌ವ್ಯೂ ಮಾಡೋರನ್ನೇ ಇಲ್ಲಿಗೆ ಕರೆಸಿಬಿಡು, ಪಾಂಡವಪುರ ಪ್ಲಾಟ್‌ಫಾರ್ಮಲ್ಲೇ ಮುಗಿಸಿಬಿಡೋಣ’ ಅಂತ ಜೋರಾಗಿ ನಗುತ್ತಾರೆ. ಅವಳಿಗೆ ಕಣ್ಣು ತುಂಬಿ ಬರುತ್ತದೆ. ಇದು ಫಸೀಷಸ್. ಅವರಿಗೆ ಅವಳ ಮೇಲೆ ದ್ವೇಷ ಏನೂ ಇಲ್ಲ, ಅವಳಿಗೆ ಇದು ಎಷ್ಟು ದೊಡ್ಡದು ಅಂತ ಹೊಳೆದಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಆ ಥರ.

ಜೊತೆಗೆ ಬಂದ ಅಣ್ಣ, ‘ಹಿಂದಿನ ಗಾಡಿಗೇ ಹೋಗೋಣ ಅಂದ್ರೆ ಕೇಳಿದ್ಯಾ? ಭಾರಿ ಬುದ್ಧಿವಂತೆ ನೀನು, ಸರಿಯಾದ ಟೈಮಿಗೇ ಕರ್ಕೊಂಡು ಬಂದೆ’ ಅನ್ನುತ್ತಾನೆ. ಇದು ಸಾರ್ಕ್ಯಾಸ್ಟಿಕ್. ಮೇಲೆ ಹೊಗಳಿಕೆ, ಒಳಗೆ ಚುಚ್ಚು. ನಮ್ಮ ಕೊಂಕು ಮಾತು ಇದೇ. ಆ ಪದದ ಮೂಲ ಗ್ರೀಕ್, ಮಾಂಸ ಕೀಳುವುದು ಅನ್ನುವ ಅರ್ಥದಿಂದ ಬಂದದ್ದು. ಸಾರ್ಕ್ಯಾಸ್ಟಿಕ್ ಮಾತಿಗೆ ಒಬ್ಬರು ಗುರಿ ಇರುತ್ತಾರೆ, ಅವರಿಗೆ ನೋವಾಗಲಿ ಅಂತಲೇ ಅದು ಹೊರಡುತ್ತದೆ. ಫಸೀಷಸ್ ಮಾತಿಗೆ ಗುರಿ ಇರಲೇಬೇಕು ಅಂತ ಇಲ್ಲ.

ಬಾಗಿಲ ಹತ್ತಿರ ನಿಂತವನೊಬ್ಬ ಫೋನಿನಿಂದ ತಲೆ ಎತ್ತದೆ, ‘ಇದು ಹೋದ್ರೆ ಇನ್ನೊಂದು’ ಅಂತ ಹೇಳಿ ಮತ್ತೆ ಫೋನ್ ನೋಡುತ್ತಾನೆ. ಇದು ಫ್ಲಿಪಂಟ್. ಇದಕ್ಕೆ ಕನ್ನಡದಲ್ಲಿ ಅಚ್ಚುಕಟ್ಟಾದ ಪದ ಇದೆ, ಉಡಾಫೆ. ಅವನ ಮಾತಿನಲ್ಲಿ ತಮಾಷೆಯೇ ಇಲ್ಲ ಗಮನಿಸಿ. ಗಂಭೀರ ವಿಷಯಕ್ಕೆ ಬೆಲೆ ಕೊಡದೆ ಹಗುರವಾಗಿ ತೇಲಿಸಿಬಿಡುವುದು ಫ್ಲಿಪಂಟ್, ತಮಾಷೆ ಮಾಡಿ ಹಗುರ ಮಾಡುವುದು ಫಸೀಷಸ್. ಇವೆರಡೂ ತುಂಬಾ ಹತ್ತಿರದ ಪದಗಳು, ಎಷ್ಟೋ ಸಲ ಒಂದೇ ಮಾತಿಗೆ ಎರಡೂ ಹೊಂದುತ್ತವೆ. ಅನುಮಾನ ಬಂದಾಗ ಮಾತಿನಲ್ಲಿ ಜೋಕ್ ಇದೆಯಾ ಅಂತ ಹುಡುಕಿ. ಇಲ್ಲದಿದ್ದರೆ ಫ್ಲಿಪಂಟ್ ಬರೆಯಿರಿ.

ಫನ್ನಿ ಎಲ್ಲರಿಗೂ ಗೊತ್ತು, ಆದರೆ ಅದಕ್ಕೆ ‘ವಿಚಿತ್ರ’ ಅನ್ನುವ ಅರ್ಥವೂ ಇದೆ ಅನ್ನುವುದನ್ನು ಮರೆಯಬೇಡಿ. ‘ದ ಮಿಲ್ಕ್ ಸ್ಮೆಲ್ಸ್ ಫನ್ನಿ’ ಅಂದರೆ ಹಾಲು ಕೆಟ್ಟಿದೆಯೇನೋ ಅಂತ, ನಗುವ ಮಾತಲ್ಲ.

ಇಲ್ಲಿ ಕ್ಲಾಸಿನಲ್ಲಿ ಯಾವಾಗಲೂ ಒಂದು ಪ್ರಶ್ನೆ ಬರುತ್ತದೆ. ಹಾಗಾದರೆ ಗಂಭೀರ ವಿಷಯದ ಮೇಲೆ ನಗಿಸುವವರೆಲ್ಲ ಫಸೀಷಸ್ಸಾ ಮೇಡಂ? ವ್ಯಂಗ್ಯಚಿತ್ರ ಬರೆಯುವವರು? ಒಳ್ಳೆಯ ಪ್ರಶ್ನೆ ಇದು. ಉತ್ತರಕ್ಕೆ ಮೈಸೂರಿನವರೇ ಸಿಗುತ್ತಾರೆ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಹತ್ತಾರು ವರ್ಷ ಪತ್ರಿಕೆಯಲ್ಲಿ ಬೆಲೆ ಏರಿಕೆ, ಲಂಚ, ಚುನಾವಣೆ ಎಲ್ಲದರ ಮೇಲೂ ಚಿತ್ರ ಬರೆದರು. ಅವರ ಕಾಮನ್ ಮ್ಯಾನ್, ಚೌಕುಳಿ ಕೋಟಿನ ಆ ವಯಸ್ಸಾದ ಮನುಷ್ಯ, ಮಾತೇ ಆಡದೆ ನಿಂತು ನೋಡುತ್ತಾನೆ. ನೋಡಿದವರಿಗೆ ನಗು ಬರುತ್ತದೆ. ಆದರೆ ಆ ನಗು ವಿಷಯವನ್ನು ಹಗುರ ಮಾಡುವುದಿಲ್ಲ, ನೀವು ಗಮನಿಸದೆ ದಾಟಿಹೋಗಿದ್ದನ್ನು ಹಿಡಿದು ನಿಲ್ಲಿಸಿ ತೋರಿಸುತ್ತದೆ. ಅದು ಸಟೈರ್, ಅದರ ಗುಣವಾಚಕ ಸಟೈರಿಕಲ್. ನಗು ಮುಗಿದ ಮೇಲೆ ವಿಷಯ ಮೊದಲಿಗಿಂತ ದೊಡ್ಡದಾಗಿ ಕಂಡರೆ ಅದು ಸಟೈರಿಕಲ್, ಚಿಕ್ಕದಾಗಿ ಕಂಡರೆ ಫಸೀಷಸ್. ಈ ಅಳತೆ ನನಗೆ ಯಾವತ್ತೂ ಕೈಕೊಟ್ಟಿಲ್ಲ.

ಇನ್ನೂ ಒಂದು ಸೂಕ್ಷ್ಮ ಇದೆ. ನೋವು ಯಾರದ್ದು ಅನ್ನುವುದನ್ನೂ ನೋಡಬೇಕು. ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದವರೇ ‘ಈ ವರ್ಷ ಚಾಮುಂಡಿ ಬೆಟ್ಟದ ಮೆಟ್ಟಿಲು ಎಣಿಸೋ ಕೆಲಸ ತಪ್ಪಿತು ನೋಡಿ’ ಅಂದರೆ ಅದನ್ನು ಫಸೀಷಸ್ ಅನ್ನಲು ಮನಸ್ಸು ಬರುವುದಿಲ್ಲ. ಅವರ ನೋವು, ಅವರ ನಗು. ಅದಕ್ಕೆ ‘ರೈ’ ಅನ್ನುವ ಇನ್ನೊಂದು ಚೆಂದದ ಪದ ಇದೆ, ಡಬ್ಲ್ಯು ಆರ್ ವೈ ಅಂತ ಬರೆದು ಡಬ್ಲ್ಯುವನ್ನು ಬಿಟ್ಟು ಓದಬೇಕು. ಸೊಟ್ಟ ನಗು, ಕಹಿ ನುಂಗಿ ನಕ್ಕ ಹಾಗೆ. ಅದೇ ಮಾತನ್ನು ನೋಡಲು ಬಂದವರು ಅಂದರೆ ಫಸೀಷಸ್.

ಬರವಣಿಗೆಯಲ್ಲಿ ಈ ಪದದ ವಿಷಯಕ್ಕೆ ಇನ್ನೂ ಜಾಸ್ತಿ ಎಚ್ಚರ ಬೇಕು. ಎದುರಿಗೆ ಮಾತಾಡುವಾಗ ನಿಮ್ಮ ದನಿ ಇದೆ, ಮುಖದ ಮೇಲೆ ನಗು ಇದೆ, ತಪ್ಪಾದರೆ ಅಲ್ಲೇ ಸರಿ ಮಾಡಬಹುದು. ಇ-ಮೇಲ್‌ನಲ್ಲಿ ಅಕ್ಷರ ಮಾತ್ರ ಹೋಗುತ್ತದೆ. ಹಾಗಾಗಿ ನನ್ನ ಹುಡುಗರಿಗೆ ನಾನು ಕಟ್ಟುನಿಟ್ಟಾಗಿ ಹೇಳುವುದು ಇಷ್ಟು: ಬೇರೆಯವರ ಮಾತಿಗೆ ಈ ಪದ ಅಂಟಿಸಿ ಮೇಲ್ ಬರೆಯಬೇಡಿ, ನಿಮ್ಮ ಮಾತಿಗೆ ಮಾತ್ರ ಬಳಸಿ. ಯಾರಾದರೂ ನಗುನಗುತ್ತಾ ಬರೆದದ್ದು ನಿಮಗೆ ನಿಜವಾಗಿ ಇಷ್ಟವಾದರೆ ‘ಯುವರ್ ಗುಡ್ ಹ್ಯೂಮರ್’ ಅನ್ನಿ, ‘ಯುವರ್ ಲೈಟ್‌ಹಾರ್ಟೆಡ್ ನೋಟ್’ ಅನ್ನಿ. ಇವೆರಡರಲ್ಲೂ ಮುಳ್ಳಿಲ್ಲ.

ಆ ಹುಡುಗನ ಜೊತೆ ಕೂತು ಅವತ್ತೇ ಒಂದು ಚಿಕ್ಕ ಮೇಲ್ ಬರೆಸಿದೆ. ನಾನು ಬಳಸಿದ ಪದದ ಅರ್ಥವನ್ನು ತಪ್ಪಾಗಿ ತಿಳಿದಿದ್ದೆ, ನೀವು ಇಷ್ಟು ಕಾದರೂ ಸಮಾಧಾನದಿಂದ ಬರೆದದ್ದಕ್ಕೆ ಥ್ಯಾಂಕ್ಸ್ ಹೇಳುವುದು ನನ್ನ ಉದ್ದೇಶವಾಗಿತ್ತು, ರಿಪೋರ್ಟ್ ಇದರ ಜೊತೆ ಇದೆ. ಮೂರೇ ವಾಕ್ಯ. ಅದನ್ನು ಮ್ಯಾನೇಜರಿಗೆ ತೋರಿಸಿಯೇ ಕಳಿಸು ಅಂದೆ, ಹಾಗೇ ಮಾಡಿದ. ಎರಡು ದಿನದ ನಂತರ ಕ್ಲಾಸಿಗೆ ಬಂದವನು ಉತ್ತರ ತೋರಿಸಿದ. ನನಗೂ ಹಾಗೇ ಏನೋ ಆಗಿರಬೇಕು ಅನ್ನಿಸಿತ್ತು, ಯೋಚನೆ ಮಾಡಬೇಡಿ ಅಂತ ಅವರು ಬರೆದಿದ್ದರು. ಈಗ ಅವನು ಯಾವ ಹೊಸ ಪದ ಸಿಕ್ಕರೂ ಮೊದಲು ಅದು ಬಂದಿರುವ ನಾಲ್ಕು ವಾಕ್ಯ ಹುಡುಕಿ ಓದಿ, ಆಮೇಲೆ ಬಳಸುತ್ತಾನೆ. ನೀವೂ ಹಾಗೆ ಮಾಡಿ. ಪದದ ಅರ್ಥ ನಿಘಂಟಿನಲ್ಲಿ ಸಿಗುತ್ತದೆ, ಅದರ ಗುಣ ವಾಕ್ಯದಲ್ಲೇ ಸಿಗುವುದು.

ಅಭ್ಯಾಸಕ್ಕೆ ನಿಮ್ಮ ಮನೆಯಲ್ಲೇ ಕೇಳಿದ ಐದು ತಮಾಷೆಯ ಮಾತು ಬರೆದುಕೊಳ್ಳಿ. ಪ್ರತಿಯೊಂದರ ಪಕ್ಕ ಆ ಹೊತ್ತಿಗೆ ಏನು ನಡೆದಿತ್ತು, ಯಾರು ನಕ್ಕರು, ಯಾರು ನಗಲಿಲ್ಲ ಅಂತ ಬರೆಯಿರಿ. ಆಮೇಲೆ ಮೇಲಿನ ಪದಗಳಲ್ಲಿ ಒಂದನ್ನು ಆರಿಸಿ. ಒಂದೇ ಮಾತಿಗೆ ಬೇರೆ ಬೇರೆ ದಿನ ಬೇರೆ ಬೇರೆ ಪದ ಬಂದರೆ ಗಾಬರಿಯಾಗಬೇಡಿ, ನೀವು ಸರಿಯಾಗಿಯೇ ಕಲಿಯುತ್ತಿದ್ದೀರಿ ಅಂತ ಅರ್ಥ.

2024ರ ಜುಲೈನಲ್ಲಿ ಕನ್ನಂಬಾಡಿ ತುಂಬಿತು. ನಾಲೆಗೆ ನೀರು ಬಂತು. ಹೊಸದಾಗಿ ನೆಟ್ಟ ಕಬ್ಬು ಆಳೆತ್ತರ ಬಂದು ಹಸಿರಾಗಿ ನಿಂತಿದ್ದ ಒಂದು ಬೆಳಗ್ಗೆ ದೊಡ್ಡಪ್ಪ ಬದುವಿನ ಮೇಲೆ ನಿಂತು ನನ್ನ ತಮ್ಮನನ್ನು ಕೂಗಿದರು. ‘ಏನ್ಲಾ, ಈ ಸಲ ಹಂಡೆ ಒಲೆಗೆ ಸೌದೆ ಎಲ್ಲಿಂದ ತತ್ತೀಯ?’ ಅಂದರು. ಮಾತು ಹಿಂದಿನ ವರ್ಷದ್ದೇ. ಈ ಸಲ ಇಬ್ಬರೂ ನಕ್ಕರು.